ಬೀರಿನ ವರ್ತನೆ

ಬೆಳಗ್ಗೆ ಏಳಕ್ಕೆ ಗ್ಯಾರೇಜಿಗೆ ಹೋಗಿ ಫ್ರೀಜರಿನ ಮುಚ್ಚಳ ಎತ್ತಿದರೆ ಸಿಲಿಂಡರಿನ ಮೀಟರಿನ ಮುಳ್ಳು ಸೊನ್ನೆಗೆ ಬಂದು ಮಲಗಿತ್ತು. ಹಿಂದಿನ ಸಂಜೆಯಷ್ಟೇ ತುಂಬಿಸಿ ತಂದಿದ್ದೆ. 5 ಪೌಂಡ್ ಕಾರ್ಬನ್ ಡೈಆಕ್ಸೈಡ್, ನಮ್ಮ ಲೆಕ್ಕದಲ್ಲಿ ಎರಡೂಕಾಲು ಕಿಲೋ. ಒಂದೇ ರಾತ್ರಿಯಲ್ಲಿ ಅಷ್ಟೂ ಸದ್ದಿಲ್ಲದೆ ಹೊರಟುಹೋಗಿತ್ತು.

ನಾವಿರುವುದು ಅಮೆರಿಕದ ಆರಿಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡಿಗೆ ಅಂಟಿಕೊಂಡಿರುವ ಬೀವರ್ಟನ್‌ನಲ್ಲಿ. ಬೇಸಿಗೆಯಲ್ಲಿ ಇಲ್ಲಿ ಬೆಳಗ್ಗೆ ಏಳಾದರೆ ಊರಲ್ಲಿ ಸಂಜೆ ಏಳೂವರೆ. ತಿಪಟೂರಿನಲ್ಲಿ ಮಾವ ಆ ಹೊತ್ತಿಗೆ ವಾರ್ತೆ ನೋಡುತ್ತಾ ಕೂತಿರುತ್ತಾರೆ. ಫೋನ್ ಮಾಡಿದೆ.

"ಮಾವ, ಗ್ಯಾಸೆಲ್ಲ ಹೊರಟುಹೋಗಿದೆ."

"ಅಡುಗೆ ಗ್ಯಾಸಾ? ಮೊದಲು ಕಿಟಕಿ ತೆಗಿಯೇ."

"ಅಡುಗೇದಲ್ಲ. ಸೋಡಾ ಗ್ಯಾಸು."

ಟೀವಿಯ ಸದ್ದು ಕಮ್ಮಿಯಾಯಿತು. "ರೆಗ್ಯುಲೇಟರಿಗೂ ಸಿಲಿಂಡರಿಗೂ ಮಧ್ಯೆ ವಾಷರ್ ಹಾಕಿದೀಯಾ?"

ಹಾಕಿರಲಿಲ್ಲ. ನಾಲ್ಕಾಣೆ ಗಾತ್ರದ ಬಿಳೀ ನೈಲಾನ್ ವಾಷರ್ ರೆಗ್ಯುಲೇಟರ್ ಬಂದ ಪೆಟ್ಟಿಗೆಯ ತಳದಲ್ಲಿ, ಪ್ಲಾಸ್ಟಿಕ್ ಲಕೋಟೆಯೊಳಗೆ ಹಾಗೇ ಕೂತಿತ್ತು.

ಮಾವ ಮೂವತ್ತು ವರ್ಷ ಸೋಡಾ ಫ್ಯಾಕ್ಟರಿ ನಡೆಸಿದವರು. ಫ್ಯಾಕ್ಟರಿ ಅನ್ನುವುದು ಊರವರ ಮಾತು. ಇದ್ದದ್ದು ಶೀಟು ಹೊದಿಸಿದ ಒಂದು ಕೋಣೆ, ನೀರಿನ ತೊಟ್ಟಿ, ಆಳೆತ್ತರದ ಗ್ಯಾಸ್ ಸಿಲಿಂಡರ್, ಕೈಯಲ್ಲಿ ತಿರುಗಿಸುವ ಮಿಷಿನ್. ನೀರು ತುಂಬಿದ ಗೋಲಿ ಬಾಟ್ಲಿಗಳನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಕೂರಿಸಿ, ಗ್ಯಾಸ್ ಬಿಟ್ಟು, ಚಕ್ರ ತಿರುಗಿಸಬೇಕು. ಬಾಟ್ಲಿಗಳು ತಲೆಕೆಳಗಾಗಿ ಸುತ್ತುತ್ತಾ ಸುತ್ತುತ್ತಾ ನೀರು ಗ್ಯಾಸನ್ನು ಕುಡಿಯುತ್ತದೆ. ಆಮೇಲೆ ಒಳಗಿನ ಒತ್ತಡವೇ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಬೇಸಿಗೆ ರಜೆಯಲ್ಲಿ ನಾನು ಆ ಕೋಣೆಯ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದೆ. ಒಳಗೆ ಬಿಡುತ್ತಿರಲಿಲ್ಲ, ಬಾಟ್ಲಿ ಸಿಡಿಯುವ ಭಯ. ಬಿಸಿಲು ಹೆಚ್ಚಾದ ದಿನ ತೊಟ್ಟಿಗೆ ಐಸ್ ಹಾಕಿಸುತ್ತಿದ್ದರು. "ಬೆಚ್ಚಗಿನ ನೀರಿಗೆ ಗ್ಯಾಸ್ ಕೂರಲ್ಲ ಕಣೇ" ಅನ್ನುತ್ತಿದ್ದರು. ಅದನ್ನೇ ಕಾಲೇಜಿನಲ್ಲಿ ಹೆನ್ರಿಯ ನಿಯಮದ ಪಾಠದಲ್ಲಿ ಮತ್ತೆ ಕೇಳಿದಾಗ ನನಗೆ ಮೊದಲು ನೆನಪಾದದ್ದು ಆ ತೊಟ್ಟಿಯಲ್ಲಿ ತೇಲುತ್ತಿದ್ದ ಐಸಿನ ತುಂಡು.

ಸೋಡಾ ಗ್ಯಾಸು ಅಂತ ನಾನು ಮಾವನಿಗೆ ಹೇಳಿದ್ದು ಅರ್ಧ ನಿಜ. ಫ್ರೀಜರಿಗೆ ಎರಡು ನಲ್ಲಿ ಇವೆ. ಒಂದರಲ್ಲಿ ಸೋಡಾ ನೀರು, ಮಗನಿಗೂ ಗಂಡನಿಗೂ ಅದು ಬೇಕು. ಇನ್ನೊಂದರಲ್ಲಿ ಬೀರು, ಅದು ನನಗೆ ಬೇಕು. ಆ ಎರಡನೆಯ ನಲ್ಲಿಯ ವಿಷಯ ಹೇಳಲು ಆ ಬೆಳಗ್ಗೆ ಬಾಯಿ ಬರಲಿಲ್ಲ.

ನಾನು ಬೆಂಗಳೂರಿನಲ್ಲಿ ಓದುತ್ತಿದ್ದಾಗ ಬೀರೆಂದರೆ ನ್ಯೂಸ್‌ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ ಯಾರೋ ತರುತ್ತಿದ್ದ ಬಾಟ್ಲಿ. ಅದನ್ನು ಯಾರು ಮಾಡಿದರು, ಯಾವ ಧಾನ್ಯದಿಂದ, ಯಾವ ತಿಂಗಳಲ್ಲಿ ಅಂತ ಕೇಳುವ ಯೋಚನೆಯೇ ಬರುತ್ತಿರಲಿಲ್ಲ. ಈ ಊರಿಗೆ ಬಂದ ಮೇಲೆ ಅದು ಬದಲಾಯಿತು. ಪೋರ್ಟ್‌ಲ್ಯಾಂಡಿನಲ್ಲಿ ಬೀರಿನ ಬಗ್ಗೆ ಜನ ಮಾತಾಡುವುದು ನಮ್ಮ ಕಡೆ ಮಾವಿನಹಣ್ಣಿನ ಬಗ್ಗೆ ಮಾತಾಡುವ ಹಾಗೆ. 1984ರಲ್ಲಿ ಇಲ್ಲಿ ಬ್ರಿಡ್ಜ್‌ಪೋರ್ಟ್ ಮತ್ತು ವಿಡ್ಮರ್ ಬ್ರದರ್ಸ್ ಅನ್ನುವ ಎರಡು ಸಣ್ಣ ಬ್ರೂವರಿಗಳು ಶುರುವಾದವು. ಆಗ ಬೀರು ಮಾಡುವವರು ಅದೇ ಜಾಗದಲ್ಲಿ ಗಿರಾಕಿಗೆ ಲೋಟದಲ್ಲಿ ಸುರಿದು ಮಾರುವಂತಿರಲಿಲ್ಲ. ಆ ಸಣ್ಣವರೆಲ್ಲ ಒಟ್ಟಾಗಿ ಶಾಸನಸಭೆಗೆ ಅಲೆದು 1985ರಲ್ಲಿ ಕಾನೂನು ಬದಲಾಯಿಸಿದರು. ಇಂದು ಬಡಾವಣೆಗೊಂದರಂತೆ ಬ್ರೂವರಿ ಇರುವುದಕ್ಕೆ ಬೇರು ಅಲ್ಲಿದೆ.

ಬ್ರಿಡ್ಜ್‌ಪೋರ್ಟ್ 2019ರಲ್ಲಿ ಮುಚ್ಚಿತು. ಇಟ್ಟಿಗೆ ಗೋಡೆಯ ಆ ಹಳೇ ಕಟ್ಟಡಕ್ಕೆ ನಾನು ತುಂಬ ಸಲ ಹೋಗಿದ್ದೆ. ಹೊಸ ಊರಿನಲ್ಲಿ ಸ್ನೇಹಿತರಾದವರೆಲ್ಲ ನನಗೆ ಸಿಕ್ಕಿದ್ದು ಅಲ್ಲಿನ ಉದ್ದದ ಮೇಜುಗಳ ಮೇಲೆ. ಮುಚ್ಚಿದ ಸುದ್ದಿ ಓದಿದ ದಿನ ನನ್ನನ್ನೇ ಕೇಳಿಕೊಂಡೆ, ಕಳೆದ ಒಂದು ವರ್ಷದಲ್ಲಿ ಅಲ್ಲಿಗೆ ಎಷ್ಟು ಸಲ ಹೋದೆ? ಎರಡು. ಮಿಕ್ಕಿದ್ದೆಲ್ಲ ಸೂಪರ್‌ಮಾರ್ಕೆಟ್ಟಿನ ಕ್ಯಾನು. ಆ ಲೆಕ್ಕ ನನ್ನನ್ನು ಬಹಳ ದಿನ ಚುಚ್ಚಿತು.

ಆಗ ನೆನಪಾದದ್ದು ವರ್ತನೆ ಅನ್ನುವ ನಮ್ಮ ಹಳೇ ಪದ್ಧತಿ. ಅಮ್ಮ ಹಾಲಿಗೆ ವರ್ತನೆ ಹಾಕಿಸಿಕೊಂಡಿದ್ದಳು. ದಿನಾ ಬೆಳಗ್ಗೆ ಅದೇ ಹಾಲಿನವಳು, ಅದೇ ಪಾವಿನ ಅಳತೆ, ಗೋಡೆಯ ಮೇಲೆ ಸುಣ್ಣದ ಗೀಟು, ತಿಂಗಳ ಕೊನೆಗೆ ದುಡ್ಡು. ಹಾಲು ತೆಳ್ಳಗಾದರೆ ಅಮ್ಮ ಕೇಳುತ್ತಿದ್ದಳು, ಹಸು ಗಬ್ಬವಾದರೆ ಹಾಲಿನವಳು ಮುಂಚೆಯೇ ಹೇಳುತ್ತಿದ್ದಳು. ಅವಳ ಮಗಳ ಮದುವೆಗೆ ಅಮ್ಮ ಸೀರೆ ಕೊಟ್ಟಿದ್ದಳು. ಅಂಗಡಿಗೆ ಹೋಗಿ ಸಾಮಾನು ತರುವುದಕ್ಕೂ ವರ್ತನೆಗೂ ಇರುವ ವ್ಯತ್ಯಾಸ ಅದು. ಬೀರಿಗೂ ನನಗೆ ಅಂಥದ್ದೊಂದು ವರ್ತನೆ ಬೇಕು ಅನ್ನಿಸಿತು. ಮನೆಗೆ ಕೆಗ್, ಅಂದರೆ ಬೀರು ತುಂಬಿದ ಸ್ಟೀಲ್ ಪೀಪಾಯಿ, ತರುವುದು ಹೀಗೆ ಶುರುವಾಯಿತು.

ಅಂಗಡಿಯಲ್ಲಿ ಸಿದ್ಧವಾದ ಕೆಜರೇಟರ್ ಸಿಗುತ್ತದೆ. ಸಣ್ಣ ಫ್ರಿಜ್ಜು, ಅದರ ನೆತ್ತಿಯ ಮೇಲೊಂದು ಕಂಬ, ಕಂಬಕ್ಕೆ ನಲ್ಲಿ. ನನಗೆ ಅದರ ಕಂಬ ಹಿಡಿಸಲಿಲ್ಲ. ಒಳಗಿನ ತಂಪು ಕಂಬದ ತುದಿಗೆ ಏರುವುದಿಲ್ಲ, ಅಲ್ಲಿ ನಿಂತ ಬೀರು ಬೆಚ್ಚಗಾಗಿ ಮೊದಲ ಲೋಟ ಬರೀ ನೊರೆ. ಅದಕ್ಕೆ ಸಣ್ಣ ಫ್ಯಾನ್ ಇಟ್ಟು ತಂಪುಗಾಳಿ ಏರಿಸುವವರಿದ್ದಾರೆ. ನಾನು 7 ಘನ ಅಡಿಯ ಚೆಸ್ಟ್ ಫ್ರೀಜರ್ ತಂದೆ, ಮೇಲೆ ಮುಚ್ಚಳ ತೆಗೆಯುವ ಪೆಟ್ಟಿಗೆಯಂಥದ್ದು. ಅದರ ಗೋಡೆಗೆ ಡ್ರಿಲ್ ಹಾಕುವ ಹಾಗಿಲ್ಲ, ತಂಪು ಮಾಡುವ ಗ್ಯಾಸಿನ ಕೊಳವೆಗಳು ಗೋಡೆಯೊಳಗೇ ಹರಿದಿರುತ್ತವೆ, ಒಂದಕ್ಕೆ ತೂತು ಬಿದ್ದರೆ ಫ್ರೀಜರ್ ಕಥೆ ಮುಗಿಯಿತು. ಹಾಗಾಗಿ ಪೆಟ್ಟಿಗೆಗೂ ಮುಚ್ಚಳಕ್ಕೂ ನಡುವೆ ಒಂದು ಮರದ ಚೌಕಟ್ಟು ಕೂರಿಸಿ, ನಲ್ಲಿಗಳನ್ನು ಆ ಮರಕ್ಕೆ ಹಾಕುತ್ತಾರೆ. ನಲ್ಲಿಯ ಬುಡ ತಣ್ಣನೆಯ ಗಾಳಿಯಲ್ಲೇ ಇರುತ್ತದೆ. ಮರ ಕೊಯ್ದು, ಉಜ್ಜಿ, ಬಣ್ಣ ಹೊಡೆದದ್ದು ನನ್ನ ಗಂಡ. ಬೀರು ಕಹಿ ಅಂತ ಮುಟ್ಟದ ಮನುಷ್ಯ ಮೂರು ಭಾನುವಾರ ಅದರ ಮೇಲೆ ಕಳೆದರು.

ಫ್ರೀಜರ್ ಇರುವುದು ಹೆಪ್ಪುಗಟ್ಟಿಸುವುದಕ್ಕೆ. ಬೀರಿಗೆ ಬೇಕಾದದ್ದು 38 ಡಿಗ್ರಿ ಫ್ಯಾರನ್‌ಹೀಟ್, ಸುಮಾರು 3.3 ಸೆಲ್ಸಿಯಸ್. ಅದಕ್ಕೊಂದು ಕಂಟ್ರೋಲರ್ ಸಿಗುತ್ತದೆ. ಫ್ರೀಜರಿನ ಪ್ಲಗ್ಗನ್ನು ಅದಕ್ಕೆ ಚುಚ್ಚಿ, ಅದರ ಸೆನ್ಸರನ್ನು ಕೆಗ್ಗಿನ ಮೈಗೆ ಟೇಪು ಹಾಕಿ ಅಂಟಿಸಿದರೆ, ಬೇಕಾದಾಗ ಕರೆಂಟ್ ಕೊಟ್ಟು ಸಾಕಾದಾಗ ತೆಗೆಯುತ್ತದೆ. ಸೆನ್ಸರನ್ನು ಗಾಳಿಯಲ್ಲಿ ನೇತುಹಾಕಬೇಡಿ. ಮುಚ್ಚಳ ತೆರೆದಾಗಲೆಲ್ಲ ಗಾಬರಿಬಿದ್ದು ಕಂಪ್ರೆಸರ್ ಓಡಿಸುತ್ತದೆ.

ಉಳಿದ ಸಾಮಾನು, ನಲ್ಲಿ, ಪೈಪು, ಕ್ಲ್ಯಾಂಪು, ಪೋರ್ಟ್‌ಲ್ಯಾಂಡಿನ ಎಫ್.ಎಚ್. ಸ್ಟೈನ್‌ಬಾರ್ಟ್‌ನಿಂದ ತಂದೆ. ಮನೆಯಲ್ಲಿ ಬೀರು ಮಾಡುವವರಿಗೆ ಸಾಮಾನು ಮಾರುವ ಆ ಅಂಗಡಿ ಶುರುವಾದದ್ದು 1918ರಲ್ಲಿ. ಆರಿಗನ್‌ನಲ್ಲಿ ಆಗ ಮದ್ಯನಿಷೇಧ ಇತ್ತು! ಸೋಡಾ ನೀರಿಗೆ ಒಂದು ಹಳೆಯ ಕಾರ್ನೀಲಿಯಸ್ ಕೆಗ್ ಕೊಂಡೆ, 5 ಗ್ಯಾಲನ್ನಿನ ಉದ್ದನೆಯ ಸ್ಟೀಲ್ ಡಬ್ಬ. ಒಂದು ಕಾಲದಲ್ಲಿ ಪೆಪ್ಸಿ, ಕೋಕಾ ಕೋಲಾದವರು ಇಂಥವುಗಳಲ್ಲೇ ಪಾನೀಯ ತುಂಬಿ ಹೋಟೆಲುಗಳಿಗೆ ಕಳಿಸುತ್ತಿದ್ದರು. ಅವರು ಪ್ಲಾಸ್ಟಿಕ್ ಚೀಲಕ್ಕೆ ಬದಲಾದಾಗ ಈ ಡಬ್ಬಗಳು ಬೀರು ಮಾಡುವವರ ಪಾಲಾದವು. ನನಗೆ ಸಿಕ್ಕ ಡಬ್ಬದಲ್ಲಿ ಹಿಂದೆ ರೂಟ್ ಬಿಯರ್ ಇದ್ದಿರಬೇಕು, ಹೆಸರಲ್ಲಿ ಮಾತ್ರ ಬೀರಿರುವ ಇಲ್ಲಿನ ಒಂದು ಸಿಹಿ ತಂಪು ಪಾನೀಯ. ಎಷ್ಟು ತೊಳೆದರೂ ಅಯೊಡೆಕ್ಸ್ ವಾಸನೆ. ವಾಸನೆ ಹೀರಿಕೊಂಡು ಕೂತಿದ್ದದ್ದು ರಬ್ಬರ್ ಉಂಗುರಗಳು. ಐದೂ ಉಂಗುರ ಬದಲಾಯಿಸಿದ ಮೇಲೆ ನೀರು ನೀರಾಯಿತು.

ಮಾವ ಆ ದಿನ ಫೋನಿಟ್ಟಿರಲಿಲ್ಲ. ವಾಷರ್ ಹಾಕಿ, ಸ್ಪ್ಯಾನರಿನಲ್ಲಿ ಬಿಗಿದು, ಹೊಸ ಸಿಲಿಂಡರ್ ತಂದ ಮೇಲೆ ಸೋಪಿನ ನೀರು ಹಚ್ಚಿ ನೋಡು ಅಂದರು. ಪಾತ್ರೆ ಸೋಪು ಕದಡಿ ಪ್ರತಿ ಜೋಡಣೆಗೂ ಬ್ರಷ್ಷಿನಲ್ಲಿ ಬಳಿದೆ. ಒಂದು ಕ್ಲ್ಯಾಂಪಿನ ಹತ್ತಿರ ಸಾಸಿವೆ ಕಾಳಿನಷ್ಟು ಗುಳ್ಳೆ ನಿಧಾನವಾಗಿ ಊದಿಕೊಂಡಿತು. ವಾಷರ್ ಇದ್ದಿದ್ದರೂ ಒಂದು ತಿಂಗಳಲ್ಲಿ ಇದೇ ಸಿಲಿಂಡರನ್ನು ಖಾಲಿ ಮಾಡುತ್ತಿತ್ತು. ಮೀಟರ್ ನಂಬಬೇಡ ಅಂತಲೂ ಹೇಳಿದರು. ಒಳಗೆ ದ್ರವ ಇರುವ ತನಕ ಒತ್ತಡ ಅಷ್ಟೇ ತೋರಿಸುತ್ತಿರುತ್ತದೆ, ಮುಗಿಯುವಾಗ ಧಡಕ್ಕನೆ ಬೀಳುತ್ತದೆ. ಎಷ್ಟಿದೆ ಅಂತ ತಿಳಿಯಬೇಕಾದರೆ ತೂಗಬೇಕು, ಅಡುಗೆ ಗ್ಯಾಸಿನ ಹಾಗೆಯೇ.

ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು, ಅದನ್ನು ನಾನೂ ಇಲ್ಲಿ ಒತ್ತಿ ಬರೆಯುತ್ತೇನೆ. ಈ ಗ್ಯಾಸಿಗೆ ಅಡುಗೆ ಗ್ಯಾಸಿನ ಹಾಗೆ ಎಚ್ಚರಿಸುವ ವಾಸನೆ ಇಲ್ಲ. ಗಾಳಿಗಿಂತ ಭಾರ, ತಗ್ಗಿನಲ್ಲಿ ತುಂಬಿಕೊಳ್ಳುತ್ತದೆ. ಚೆಸ್ಟ್ ಫ್ರೀಜರ್ ಅಂದರೆ ಒಂದು ತೊಟ್ಟಿಯೇ ತಾನೆ. ಸೋರಿದೆ ಅನ್ನುವ ಅನುಮಾನ ಬಂದರೆ ತಲೆ ಒಳಗೆ ಬಗ್ಗಿಸಬೇಡಿ. ಗ್ಯಾರೇಜಿನ ದೊಡ್ಡ ಬಾಗಿಲು ತೆರೆದು, ಗಾಳಿಯಾಡಿದ ಮೇಲೆ ಕೈ ಹಾಕಿ. ಸಿಲಿಂಡರನ್ನು ಮಲಗಿಸಬೇಡಿ, ಕಾರಿನಲ್ಲಿ ತರುವಾಗ ಕಿಟಕಿ ಇಳಿಸಿ. ಸಿಲಿಂಡರಿನ ಭುಜದ ಮೇಲೆ ಒತ್ತಿರುವ ತಾರೀಖು ನೋಡಿ. 5 ವರ್ಷಕ್ಕೊಮ್ಮೆ ಅದನ್ನು ಒತ್ತಡದ ಪರೀಕ್ಷೆಗೆ ಕೊಡಬೇಕು, ತಾರೀಖು ಮೀರಿದ್ದರೆ ತುಂಬಿಸಿ ಕೊಡುವುದಿಲ್ಲ.

ಮೊದಲ ಕೆಗ್ ಡೆಶೂಟ್ಸ್ ಬ್ರೂವರಿಯವರ ಬ್ಲ್ಯಾಕ್ ಬ್ಯೂಟ್ ಪೋರ್ಟರ್. ಇದೇ ರಾಜ್ಯದ ಬೆಂಡ್ ಊರಿನಲ್ಲಿ 1988ರಿಂದ ಮಾಡುತ್ತಿರುವ ಕಪ್ಪು ಬೀರು, ಹುರಿದ ಕಾಫಿಬೀಜದ ಘಮ, ಚಾಕೊಲೇಟಿನ ಕೊನೆ. ಕೆಗ್ಗಿಗೆ ಇಲ್ಲಿ ಮುಖ್ಯವಾಗಿ ಮೂರು ಅಳತೆ. ಹಾಫ್ ಬ್ಯಾರೆಲ್ 15.5 ಗ್ಯಾಲನ್, ತುಂಬಿದಾಗ 70 ಕಿಲೋ ದಾಟುತ್ತದೆ, ಒಬ್ಬರ ಕೈಲಿ ಆಗುವ ಕೆಲಸವಲ್ಲ. ಕ್ವಾರ್ಟರ್ ಅದರ ಅರ್ಧ. ಮನೆಗೆ ಹೇಳಿಮಾಡಿಸಿದ್ದು ಸಿಕ್ಸ್ತ್ ಬ್ಯಾರೆಲ್. 5.16 ಗ್ಯಾಲನ್, ಸುಮಾರು ಹತ್ತೊಂಬತ್ತೂವರೆ ಲೀಟರ್, 41 ಪೈಂಟ್. ತುಂಬಿದ ತೂಕ ನಮ್ಮ 25 ಕಿಲೋ ಅಕ್ಕಿ ಮೂಟೆಗಿಂತ ಚೂರು ಹೆಚ್ಚು. ಆರಿಗನ್‌ನಲ್ಲಿ 7 ಗ್ಯಾಲನ್ನಿಗಿಂತ ದೊಡ್ಡ ಕೆಗ್ಗಿಗೆ ಯಾರು ಕೊಂಡರು, ಎಲ್ಲಿ ಕುಡಿಯುತ್ತಾರೆ ಅಂತ ಬರೆಸಿಕೊಂಡು ಚೀಟಿ ಕಟ್ಟುತ್ತಾರೆ, ಸಣ್ಣದಕ್ಕೆ ಅದಿಲ್ಲ. ದುಡ್ಡಿನ ಜೊತೆ ಡಿಪಾಸಿಟ್ ಕಟ್ಟಬೇಕು. ಖಾಲಿ ಕೆಗ್ ವಾಪಸ್ ಕೊಟ್ಟಾಗ ಅದು ಮರಳುತ್ತದೆ. ಖಾಲಿ ಬಾಟ್ಲಿಗೆ ದುಡ್ಡು ವಾಪಸ್ ಕೊಡುವ ಕಾನೂನನ್ನು ಅಮೆರಿಕದಲ್ಲಿ ಮೊದಲು ಮಾಡಿದ್ದೇ ಈ ರಾಜ್ಯ, 1971ರಲ್ಲಿ. ಸೋಡಾ ಬಾಟ್ಲಿ ಲೆಕ್ಕ ಹಿಡಿದು ಕ್ರೇಟು ವಾಪಸ್ ತರುತ್ತಿದ್ದ ಮಾವನಿಗೆ ಇದನ್ನು ಹೇಳಿದಾಗ ತುಂಬ ಖುಷಿಪಟ್ಟರು.

ಆದರೆ ಆ ಮೊದಲ ಕೆಗ್ಗಿನ ಮೊದಲ ವಾರ ನನಗೆ ಬೀರಿಗಿಂತ ನೊರೆಯೇ ಸಿಕ್ಕಿದ್ದು. ಲೋಟಕ್ಕೆ ಮುಕ್ಕಾಲು ನೊರೆ. ಒತ್ತಡ ಹೆಚ್ಚಾಗಿದೆ ಅಂತ 12 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನುವ ಒತ್ತಡದ ಅಳತೆ) ಇದ್ದದ್ದನ್ನು 6ಕ್ಕೆ ಇಳಿಸಿದೆ. ಎರಡು ದಿನ ಸರಿಹೋದಂತೆ ಕಂಡಿತು. ಆಮೇಲೆ ಪೈಪಿನೊಳಗೆ ಗಾಳಿಯ ತುಂಡುಗಳು, ನಲ್ಲಿ ಉಗುಳುತ್ತಾ ಸುರಿಯತೊಡಗಿತು. ಹೊಸಬರೆಲ್ಲ ಇಲ್ಲೇ ಎಡವುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರೂವರಿಯಲ್ಲಿ ಬೀರಿಗೆ ಇಂತಿಷ್ಟು ಗ್ಯಾಸ್ ಕೂರಿಸಿರುತ್ತಾರೆ, ಬೀರಿನ ಎರಡೂವರೆ ಪಟ್ಟು ಗಾತ್ರದಷ್ಟು. 38 ಡಿಗ್ರಿಯಲ್ಲಿ ಆ ಗ್ಯಾಸು ಕೂತ ಜಾಗದಲ್ಲೇ ಕೂತಿರಬೇಕಾದರೆ ಮೇಲಿಂದ 11 ಅಥವಾ 12 ಪಿಎಸ್‌ಐ ಒತ್ತಡ ಇರಲೇಬೇಕು. ಕಮ್ಮಿ ಮಾಡಿದರೆ ಗ್ಯಾಸು ಬೀರನ್ನು ಬಿಟ್ಟು ಏಳುತ್ತದೆ. ಮೊದಲು ನೊರೆ, ವಾರ ಕಳೆದರೆ ಸಪ್ಪೆ. ಹಾಗಾದರೆ 12ರ ರಭಸದಲ್ಲಿ ಬರುವ ಬೀರನ್ನು ಮೆಲ್ಲಗೆ ಮಾಡುವುದು ಹೇಗೆ? ಪೈಪಿನ ಉದ್ದದಿಂದ. ಒಳಗೆ 3/16 ಇಂಚಿನ ಸಣ್ಣ ಪೈಪು, ಅಡಿ ಅಡಿಗೂ ಉಜ್ಜಾಟದಲ್ಲಿ ಒತ್ತಡ ಕಳೆದುಕೊಳ್ಳುತ್ತಾ ಬಂದು, ನಲ್ಲಿಯ ಬಾಯಿಗೆ ಬರುವಷ್ಟರಲ್ಲಿ ಬೀರು ಸಮಾಧಾನವಾಗಿರಬೇಕು. ನನ್ನ ಕಿಟ್ಟಿನ ಜೊತೆ ಬಂದದ್ದು 5 ಅಡಿ. ಅದನ್ನು ತೆಗೆದು 10 ಅಡಿ ಹಾಕಿ ಕೆಗ್ಗಿನ ಮೇಲೆ ಸುರುಳಿ ಸುತ್ತಿ ಇಟ್ಟೆ. ಅವತ್ತು ಸಂಜೆ ಕಪ್ಪು ಬೀರಿನ ಮೇಲೆ ಎರಡು ಬೆರಳು ದಪ್ಪ, ಹಾಲಿನ ಕೆನೆಯಂಥ ನೊರೆ ನಿಂತದ್ದನ್ನು ನೋಡಿ ಗಂಡನನ್ನು ಕೂಗಿ ಕರೆದೆ.

ಸೋಡಾಗೆ 30 ಪಿಎಸ್‌ಐ ಬೇಕು. ಹಾಗಾಗಿ ಎರಡು ಬಾಯಿಯ ರೆಗ್ಯುಲೇಟರ್, ಸೋಡಾ ಕಡೆಗೆ ಇನ್ನೂ ಉದ್ದದ ಪೈಪು.

ಡೆಶೂಟ್ಸ್ ಕೆಗ್ ಮುಗಿದ ಮೇಲೆ ನಾನು ಹುಡುಕುತ್ತಿದ್ದ ವರ್ತನೆ ಸಿಕ್ಕಿತು. ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ, ಟೈರ್ ಅಂಗಡಿಯ ಪಕ್ಕ ಒಂದು ಸಣ್ಣ ಬ್ರೂವರಿ. ಗಂಡ ಹೆಂಡತಿ, ಒಬ್ಬ ಕೆಲಸದವ. ನಾನು ಬುಧವಾರ ಫೋನ್ ಮಾಡಿ ಏನಿದೆ ಕೇಳುತ್ತೇನೆ, ಶುಕ್ರವಾರ ಹೋಗಿ ತರುತ್ತೇನೆ. ಕೊನೆಯ ಪಿಲ್ಸ್‌ನರ್ (ತಿಳಿಬಣ್ಣದ ಒಂದು ಬಗೆಯ ಬೀರು) ಕೆಗ್ಗಿಗೆ ಕೊಟ್ಟದ್ದು 85 ಡಾಲರ್. ಪೈಂಟಿಗೆ 2 ಡಾಲರ್ ಚಿಲ್ಲರೆ ಬೀಳುತ್ತದೆ. ಲಾಭಕ್ಕೆ ಅಂತ ಮಾಡುವವರು ಫ್ರೀಜರು, ಸಿಲಿಂಡರು, ನಲ್ಲಿ, ಎಲ್ಲದರ ಖರ್ಚು ಹಾಕಿ ನೋಡಲಿ. ಆ ದುಡ್ಡು ಹುಟ್ಟಲು ವರ್ಷಗಳೇ ಬೇಕು. ನನಗೆ ಸಿಕ್ಕ ಲಾಭ ಬೇರೆ. ಒಮ್ಮೆ ಆ ಯಜಮಾನತಿ, ಈ ಸಲದ ಕೆಗ್ ಬೇಡ, ಇನ್ನೂ ಹದಿನೈದು ದಿನ ತಣ್ಣಗೆ ಮಲಗಬೇಕು, ನಿಮಗೆ ಆಗ ಕೊಡುತ್ತೇನೆ ಅಂದಳು. ಸೂಪರ್‌ಮಾರ್ಕೆಟ್ಟಿನಲ್ಲಿ ನನಗೆ ಯಾರೂ ಯಾವತ್ತೂ ಬೇಡ ಅಂದಿಲ್ಲ.

ಅವಳೇ ಕಲಿಸಿದ್ದು ತೊಳೆಯುವುದನ್ನು. ಪಾಶ್ಚರೀಕರಿಸದ ಬೀರು ಹಾಲಿನ ಜಾತಿಯದು, ತಣ್ಣಗಿಟ್ಟರೂ ಆರರಿಂದ ಎಂಟು ವಾರದೊಳಗೆ ಮುಗಿಸಬೇಕು. ಆದರೆ ಕೆಗ್ ಎಷ್ಟೇ ತಾಜಾ ಇರಲಿ, ಪೈಪು ಕೊಳಕಾಗಿದ್ದರೆ ಬೆಣ್ಣೆ ಕಮಟಿದ ವಾಸನೆಯೋ ಹುಳಿಯೋ ಬಂದೇ ಬರುತ್ತದೆ, ಜನ ಬೈಯುವುದು ಬೀರು ಮಾಡಿದವಳನ್ನು. ಬ್ರೂವರ್ಸ್ ಅಸೋಸಿಯೇಷನ್‌ನ ಕೈಪಿಡಿ ಎರಡು ವಾರಕ್ಕೊಮ್ಮೆ ಕ್ಷಾರದ ದ್ರಾವಣದಲ್ಲಿ ತೊಳೆಯಿರಿ ಅನ್ನುತ್ತದೆ, ಮೂರು ತಿಂಗಳಿಗೊಮ್ಮೆ ಆಮ್ಲದಲ್ಲಿ, ಒಳಗೆ ಕಟ್ಟುವ ಕಲ್ಲು ಕರಗಲಿ ಅಂತ. ನಾನು ತಪ್ಪಿಸುವುದಿಲ್ಲ. ಭಾನುವಾರ ಬೆಳಗ್ಗೆ ನಲ್ಲಿ ಬಿಚ್ಚಿ, ಬ್ರಷ್ ಹಾಕಿ ಉಜ್ಜಿ, ಪೈಪಿಗೆ ದ್ರಾವಣ ಹಾಯಿಸಿ, ನೀರಿನಲ್ಲಿ ತೊಳೆದು ಮುಗಿಸಲು ಮುಕ್ಕಾಲು ಗಂಟೆ.

ಮಾವನಿಗೆ ನಿಜ ಹೇಳಿದ್ದು ಸೋಡಾ ಶುರುವಾಗಿ ಎರಡು ತಿಂಗಳಾದ ಮೇಲೆ. ವೀಡಿಯೋ ಕಾಲಿನಲ್ಲಿ ಮಿಷಿನ್ ತೋರಿಸು ಅಂದರು. ಮಗ ನಿಂಬೆಹಣ್ಣು ಹಿಂಡಿ, ಉಪ್ಪು ಹಾಕಿ, ನಲ್ಲಿಯಿಂದ ಸೋಡಾ ಬಿಟ್ಟುಕೊಂಡು ಕುಡಿದು ತೋರಿಸಿದ. ಮಾವ ಮುಖವನ್ನು ಫೋನಿಗೆ ಅಂಟಿಸಿಕೊಂಡಂತೆ ನೋಡುತ್ತಿದ್ದರು.

"ಆ ಇನ್ನೊಂದು ನಲ್ಲಿ?"

"ಅದು ಬೀರು, ಮಾವ. ನನಗೆ."

ಅವರು ತಕ್ಷಣ ಏನೂ ಹೇಳಲಿಲ್ಲ. ಅತ್ತೆ ಒಳಗಿನಿಂದ ಏನಂತೆ ಅಂತ ಕೇಳಿದ್ದು ಕೇಳಿಸಿತು. ಆಮೇಲೆ ಮಾವ, "ನಿಮ್ಮ ದೊಡ್ಡಪ್ಪನ ವಿಷಯ ನಿನಗೆ ಗೊತ್ತಿದೆಯಲ್ಲಮ್ಮ" ಅಂದರು. ಗೊತ್ತಿದೆ. ಒಂದು ತೆಂಗಿನ ತೋಟ, ಒಂದು ಮನೆ, ಕೊನೆಗೆ ದೊಡ್ಡಪ್ಪನೇ, ಎಲ್ಲ ಹೋದದ್ದು ಅದರಲ್ಲೇ. ನಾನು ಸಮಜಾಯಿಷಿ ಕೊಡಲಿಲ್ಲ. ಗೋಡೆಯ ಮೇಲಿನ ಹಲಗೆಗೆ ಫೋನ್ ತಿರುಗಿಸಿದೆ.

ಆ ಹಲಗೆಯ ಬಗ್ಗೆ ಹೇಳಬೇಕು. ಮನೆಯಲ್ಲಿ ನಲ್ಲಿ ಇದ್ದರೆ ಎಷ್ಟು ಕುಡಿದೆವು ಅಂತ ತಿಳಿಯುವುದೇ ಇಲ್ಲ. ಬಾಟ್ಲಿಯಾದರೆ ಖಾಲಿಯಾದದ್ದು ಕಣ್ಣೆದುರು ನಿಲ್ಲುತ್ತದೆ. ನಲ್ಲಿ ಅರ್ಧ ಲೋಟ, ಮತ್ತೆ ಅರ್ಧ ಲೋಟ ಅಂತ ಸುರಿಯುತ್ತಲೇ ಇರುತ್ತದೆ. ಮೊದಲ ತಿಂಗಳು ನನಗೆ ಇದು ನಿಜವಾಗಿ ಹೆದರಿಕೆ ತಂದಿತು. ಆಗಿನಿಂದ ಸುರಿದ ಪ್ರತಿ ಲೋಟಕ್ಕೂ ತಾರೀಖು ಹಾಕಿ ಸೀಮೆಸುಣ್ಣದಲ್ಲಿ ಒಂದು ಗೀಟು, ಬಂದ ಸ್ನೇಹಿತರದ್ದೂ ಸೇರಿ. ವಾರಕ್ಕೊಮ್ಮೆ ಕೆಗ್ ತೂಗುತ್ತೇನೆ, ಗೀಟಿಗೂ ತೂಕಕ್ಕೂ ತಾಳೆಯಾಗಬೇಕು. ಸೋಮವಾರದಿಂದ ಗುರುವಾರದವರೆಗೆ ನಲ್ಲಿಗೆ ಬೀಗ. ಅಂಥ ಬೀಗ ಅಂಗಡಿಯಲ್ಲೇ ಸಿಗುತ್ತದೆ. ಹದಿನೈದು ವರ್ಷದ ಮಗ ಇರುವ ಮನೆಯಲ್ಲಿ, 21 ತುಂಬದವರು ಮುಟ್ಟಬಾರದ ವಸ್ತುವಿಗೆ ಅದು ಇರಲೇಬೇಕು.

ಮಾವ ಹಲಗೆಯನ್ನು ಬಹಳ ಹೊತ್ತು ನೋಡಿದರು. ಗೀಟುಗಳನ್ನು ಎಣಿಸುತ್ತಿದ್ದಾರೆ ಅನ್ನಿಸಿತು. "ಬೀಗದ ಕೈ ಯಾರ ಹತ್ತಿರ ಇರುತ್ತೆ?"

"ನಿಮ್ಮ ಅಳಿಯನ ಹತ್ತಿರ."

"ಹಾಗೇ ಇರಲಿ" ಅಂದರು. ಆಮೇಲೆ, "ಬೀರಿಗೆ ಎಷ್ಟು ಒತ್ತಡ ಇಟ್ಟಿದೀಯ?"

"12."

"ಅಷ್ಟು ಕಮ್ಮಿಗೆ ಗ್ಯಾಸು ಕೂರುತ್ತಾ?"

ಸೋಡಾಗಿಂತ ಬೀರಿಗೆ ಯಾಕೆ ಕಮ್ಮಿ ಸಾಕು ಅಂತ ಹೇಳತೊಡಗಿದೆ. ಅರ್ಧ ಗಂಟೆಯಾಯಿತು. ಅತ್ತೆ ಊಟಕ್ಕೆ ಕರೆದರೂ ಏಳಲಿಲ್ಲ. ಈಗ ಪ್ರತಿ ಹೊಸ ಕೆಗ್ ಬಂದಾಗಲೂ ಸೋಪಿನ ನೀರು ಹಚ್ಚಿದೆಯಾ ಅಂತ ಕೇಳುತ್ತಾರೆ. ಬೀರಿನ ರುಚಿಯ ಬಗ್ಗೆ ಒಂದು ಮಾತೂ ಕೇಳುವುದಿಲ್ಲ.

ಇದನ್ನು ಬರೆಯುತ್ತಿರುವುದು ಆಗಸ್ಟಿನ ಕೊನೆಯಲ್ಲಿ. ಇನ್ನೇನು ಹಾಪ್ಸ್ ಕೊಯ್ಲು. ನಮ್ಮ ದಕ್ಷಿಣಕ್ಕಿರುವ ವಿಲ್ಲಾಮೆಟ್ ಕಣಿವೆಯಲ್ಲಿ ಎತ್ತರದ ಕಂಬಗಳ ನಡುವೆ ಎಳೆದ ತಂತಿಗಳಿಗೆ ಬಳ್ಳಿಗಳು ಹಬ್ಬಿ ನಿಂತಿವೆ. ಬೀರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಸಿರು ಹೂ ಇದು. ವರ್ಷವೆಲ್ಲ ಬಳಸುವುದು ಇದನ್ನು ಒಣಗಿಸಿ ಕುಟ್ಟಿ ಒತ್ತಿದ ಗುಳಿಗೆಗಳನ್ನು. ಸೆಪ್ಟೆಂಬರಿನಲ್ಲಿ ಮಾತ್ರ ಕೊಯ್ದ ದಿನವೇ ಹಸಿಹೂವನ್ನು ಗಾಡಿಯಲ್ಲಿ ತಂದು ಕುದಿಯುವ ಹಂಡೆಗೆ ಸುರಿಯುತ್ತಾರೆ. ಫ್ರೆಶ್ ಹಾಪ್ ಬೀರು ಅಂತ ಅದಕ್ಕೆ ಹೆಸರು. ಸೊಗಡಿನ ಅವರೆಕಾಯಿ ಹಾಗೆ, ಸಿಗುವುದು ಕೆಲವೇ ವಾರ, ಇಟ್ಟರೆ ಸೊಗಡು ಹೋಯಿತು. ಕಳೆದ ವರ್ಷ ನನ್ನ ವರ್ತನೆಯ ಬ್ರೂವರಿಯವರು ಹಾಕಿದ್ದು ಕ್ಯಾಸ್ಕೇಡ್ ತಳಿಯ ಹೂ. ಇದೇ ಕಣಿವೆಯ ಕೊರ್ವಾಲಿಸ್‌ನ ಸಂಶೋಧಕರು ಬೆಳೆಸಿ 1972ರಲ್ಲಿ ಹೊರತಂದ ತಳಿ ಅದು, ಅಮೆರಿಕದ ಸಣ್ಣ ಬ್ರೂವರಿಗಳ ರುಚಿಯನ್ನೇ ರೂಪಿಸಿದ್ದು. ಒಣ ಕ್ಯಾಸ್ಕೇಡ್‌ನಲ್ಲಿ ಚಕ್ಕೋತದ ಸಿಪ್ಪೆ ವಾಸನೆ. ಹಸಿಯದರಲ್ಲಿ ಅದರ ಜೊತೆಗೆ ಆಗಷ್ಟೇ ಕೊಯ್ದ ಹುಲ್ಲಿನದು, ಕಣಕ್ಕೆ ಹೋಗುವ ದಾರಿಯದು.

ನಿನ್ನೆ ಬ್ರೂವರಿಯಿಂದ ಫೋನ್ ಬಂತು. ಮುಂದಿನ ಗುರುವಾರ ಹೂ ಬರುತ್ತದೆ, ಅವತ್ತೇ ಕುದಿಸುತ್ತೇವೆ, ತಿಂಗಳ ಕೊನೆಗೆ ಕೆಗ್ಗಿಗೆ ಇಳಿಯುತ್ತದೆ, ಆರೇ ಆರು ಸಣ್ಣ ಕೆಗ್, ಒಂದನ್ನು ನಿಮ್ಮ ಹೆಸರಿಗೆ ಬರೆದಿದ್ದೇನೆ ಅಂದಳು. ಹಳೆಯ ಕೆಗ್ ಬೇಗ ವಾಪಸ್ ಕೊಡಿ, ನನ್ನ ಹತ್ತಿರ ಖಾಲಿ ಇಲ್ಲ ಅಂತಲೂ ಹೇಳಿದಳು. ಪಿಲ್ಸ್‌ನರಿನಲ್ಲಿ ಕೊನೆಯ ನಾಲ್ಕು ಲೋಟ ಉಳಿದಿತ್ತು, ಪಕ್ಕದ ಮನೆಯವರನ್ನು ಕರೆದು ಸುರಿದೆ, ಹಲಗೆಯ ಮೇಲೆ ನಾಲ್ಕು ಗೀಟು ಬಿತ್ತು. ಪೈಪು ತೊಳೆದಾಯಿತು. ಖಾಲಿ ಕೆಗ್ ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿಸಿಕೊಂಡು ಕೂತಿದೆ. ಬ್ರೂವರಿ ಬಾಗಿಲು ತೆರೆಯುವುದು ಮೂರು ಗಂಟೆಗೆ.